ನೀರು ‘ವ್ಯಾಪಿಸಿತು’ ಎಂದರೆ ಸಾಲದು, ಎಲ್ಲಿಂದ ಬಂತು ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಇತ್ತೀಚೆಗೆ ‘ವ್ಯಾಪಿಸು’ ಅನ್ನುವ ಕ್ರಿಯಾಪದ ತೀರಾ ಜಾಸ್ತಿಯಾಗಿದೆ. ಹೊಲಗಳಿಗೆ ನೀರು ವ್ಯಾಪಿಸಿತು, ದಾಳಿಂಬೆಗೆ ರೋಗ ವ್ಯಾಪಿಸಿತು, ಕಬ್ಬಿಗೆ ಬೆಂಕಿ ವ್ಯಾಪಿಸಿತು, ಊರಲ್ಲಿ ವದಂತಿ ವ್ಯಾಪಿಸಿತು. ಓದಿದರೆ ಅರ್ಥ ಆಗುತ್ತದಲ್ವಾ, ಇದರಲ್ಲೇನು ತಕರಾರು ಅಂತ ನೀವು ಕೇಳಬಹುದು. ಅರ್ಥ ಆಗುತ್ತದೆ, ಆದರೆ ಅರ್ಧ. ಏನೋ ಹೆಚ್ಚಾಗಿದೆ ಅಂತ ತಿಳಿಯುತ್ತದೆ, ಎಲ್ಲಿಂದ ಬಂತು, ಹೇಗೆ ಬಂತು ಅನ್ನುವುದು ತಿಳಿಯುವುದಿಲ್ಲ. ನಮ್ಮ ಮುಧೋಳದ ಕಡೆ ರೈತನಿಗೆ ಬೇಕಾಗಿರುವುದು ಆ ಉಳಿದ ಅರ್ಧವೇ.

ನೀರಿನದನ್ನೇ ತೆಗೆದುಕೊಳ್ಳಿ. ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ ಘಟಪ್ರಭೆ ದಂಡೆ ಮೀರಿ ಹೊಲಕ್ಕೆ ಬರುತ್ತಾಳೆ. ಆ ನೀರು ‘ನುಗ್ಗುತ್ತದೆ’, ಮನೆಗಳನ್ನು ‘ಹೊಗುತ್ತದೆ’, ಇಳಿಯದೆ ನಿಂತರೆ ಊರನ್ನು ‘ಆವರಿಸುತ್ತದೆ’. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದು, ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿದ್ದನ್ನು ಜಿಲ್ಲೆಯ ಜನ ಇನ್ನೂ ಮರೆತಿಲ್ಲ. ಆಲಮಟ್ಟಿಯ ಹಿನ್ನೀರಿನ ಕಥೆ ಬೇರೆ. ಅದು ಓಡಿ ಬರುವ ನೀರಲ್ಲ, ಜಲಾಶಯ ತುಂಬಿದಂತೆ ಮೆಲ್ಲಗೆ ಏರುವ ನೀರು. ಹಳೆ ಬಾಗಲಕೋಟೆಯವರು ‘ಮನಿ ಮುಳುಗಿತು’ ಅನ್ನುತ್ತಾರೆ, ನೀರು ವ್ಯಾಪಿಸಿತು ಅಂತ ಒಬ್ಬರೂ ಅನ್ನುವುದಿಲ್ಲ.

ಇನ್ನೊಂದು ನೀರಿದೆ. ಅದು ಕಾಲುವೆಯಿಂದ ಬಸಿಯುವ ನೀರು, ಎರೆ ಭೂಮಿಗೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ವರ್ಷಗಟ್ಟಲೆ ಅಳತೆ ಇಲ್ಲದೆ ಹಾಯಿಸಿ ಕೆಳಗೆ ಇಂಗಿಸಿದ ನೀರು. ಹೋಗಲು ದಾರಿ ಇಲ್ಲದೆ ಅದು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಹೊಲ ಜವಳಾಯಿತು ಅನ್ನುವುದು ಇದಕ್ಕೇ. ಜವಳು ಹಿಡಿದ ಹೊಲಕ್ಕೆ ಬೇಸಿಗೆಯಲ್ಲಿ ಹೋಗಿ ನೋಡಿ, ಮೇಲೆ ಹನಿ ನೀರು ಕಾಣುವುದಿಲ್ಲ. ಸಾಲುಗಳ ನಡುವಿನ ಬೋದಿನ ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಬಿಳಿ ಉಪ್ಪು ಎದ್ದಿರುತ್ತದೆ, ಕಬ್ಬು ಮೊಳಕಾಲೆತ್ತರಕ್ಕೇ ನಿಂತು ಎಲೆ ಹಳದಿ ತಿರುಗಿರುತ್ತದೆ. ಮೊಳದಷ್ಟು ಅಗೆದರೆ ಕುಣಿಯ ಗೋಡೆಯಿಂದ ನೀರು ಒಸರಲು ಶುರುವಾಗುತ್ತದೆ. ಸ್ವಲ್ಪ ಹೊತ್ತು ಕಾದರೆ ತಳದಲ್ಲಿ ನಿಲ್ಲುತ್ತದೆ.

ಈಗ ನಿಮ್ಮ ವರದಿ ನೋಡಿ. ‘ಜಮೀನುಗಳಿಗೆ ನೀರು ವ್ಯಾಪಿಸಿ ಬೆಳೆ ಹಾಳು.’ ಯಾವ ನೀರು? ನದಿಯದಾಗಿದ್ದರೆ ನೆರೆ. ಪಂಚನಾಮೆ ಆಗುತ್ತದೆ, ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಜವಳು ಆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ಬಸಿಗಾಲುವೆ, ಅಂದರೆ ಒಳಗಿನ ನೀರನ್ನು ಹೊರಗೆ ಹರಿಸುವ ಕಾಲುವೆ. ಒಬ್ಬರ ಹೊಲದಲ್ಲಷ್ಟೇ ತೋಡಿದರೆ ಅದೂ ಆಗುವ ಕೆಲಸವಲ್ಲ, ಕೆಳಗಿನ ಹೊಲದವರೂ ದಾರಿ ಬಿಡಬೇಕು, ಹಳ್ಳದವರೆಗೂ ಒಯ್ಯಬೇಕು. ಒಂದು ನೀರಿಗೆ ತಹಶೀಲ್ದಾರರ ಕಚೇರಿ, ಇನ್ನೊಂದಕ್ಕೆ ನೀರಾವರಿಯವರು. ರೈತ ನಿಮ್ಮ ಪತ್ರಿಕೆಯ ತುಣುಕನ್ನು ಅರ್ಜಿಗೆ ಲಗತ್ತಿಸಿ ಕೊಡುತ್ತಾನೆ, ನಮ್ಮಲ್ಲಿ ಅದು ರೂಢಿ. ಆ ತುಣುಕಿನಲ್ಲಿ ಕ್ರಿಯಾಪದ ಸರಿ ಇಲ್ಲದಿದ್ದರೆ ಅದು ಅವನಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ಹಾಗಂತ ‘ವ್ಯಾಪಿಸು’ ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ಸಂಸ್ಕೃತದಿಂದ ಬಂದಿದ್ದಕ್ಕೂ ನನ್ನ ತಕರಾರಿಲ್ಲ. ವ್ಯಾಪ್ತಿ, ವ್ಯಾಪಕ, ಸರ್ವವ್ಯಾಪಿ ಎಲ್ಲ ಅದರ ಬಳಗವೇ. ಒಂದು ವಸ್ತು ಇನ್ನೊಂದರ ಒಳಗೆಲ್ಲ ತುಂಬಿಕೊಂಡು, ಇಲ್ಲಿದೆ ಅಲ್ಲಿಲ್ಲ ಅಂತ ತೋರಿಸಲು ಬಾರದಂತೆ ಸೇರಿಹೋದರೆ ಅದು ವ್ಯಾಪಿಸುವುದು. ಜವಳು ಹೊಲದ ಮಣ್ಣಲ್ಲಿ ಉಪ್ಪು ಇರುವುದು ಹಾಗೆಯೇ. ‘ಮಣ್ಣನ್ನೆಲ್ಲ ಉಪ್ಪು ವ್ಯಾಪಿಸಿದೆ’ ಅಂತ ಬರೆಯಿರಿ, ಎಷ್ಟು ಚೆನ್ನಾಗಿ ಕೂರುತ್ತದೆ. ಆದರೆ ಅಲ್ಲಿ ಮಾತ್ರ ನಿಮ್ಮವರು ‘ಉಪ್ಪು ಆವರಿಸಿದೆ’ ಅಂತ ಹಾಕುತ್ತಾರೆ, ಮೇಲೆ ಮುಚ್ಚಿದ್ದನ್ನು ಕೆರೆದು ತೆಗೆದರೆ ಹೋಗುತ್ತದೆ ಅನ್ನುವ ಹಾಗೆ.

ರೋಗಕ್ಕೆ ಬಂದರೆ, ನಮ್ಮ ಕಡೆ ರೋಗ ಮೊದಲು ‘ಹತ್ತುತ್ತದೆ’, ಆಮೇಲೆ ‘ಹಬ್ಬುತ್ತದೆ’. ದಾಳಿಂಬೆಯ ದುಂಡಾಣು ಅಂಗಮಾರಿ ಮಳೆಯ ಹನಿ ಸಿಡಿದು ಗಿಡದಿಂದ ಗಿಡಕ್ಕೆ ದಾಟುತ್ತದೆ, ರೋಗದ ಗಿಡ ಸವರಿದ ಕತ್ತರಿಯನ್ನೇ ತೊಳೆಯದೆ ಪಕ್ಕದ ಗಿಡಕ್ಕೆ ಹಚ್ಚಿದರೂ ದಾಟುತ್ತದೆ. ‘ಹಬ್ಬು’ ಎನ್ನುವಾಗ ಒಂದರಿಂದ ಒಂದಕ್ಕೆ ಹೋಗುವ ದಾರಿ ಕಣ್ಣಿಗೆ ಬರುತ್ತದೆ, ಬಳ್ಳಿ, ಬೆಂಕಿ ಎಲ್ಲಕ್ಕೂ ಅದೇ ಮಾತು. ದಾರಿ ಕಂಡರೆ ತಾನೇ ತಡೆಯಲು ಆಗುವುದು. ‘ತೋಟಕ್ಕೆ ರೋಗ ವ್ಯಾಪಿಸಿತು’ ಅಂದರೆ ಎಲ್ಲ ಮುಗಿದುಹೋಗಿದೆ, ಇನ್ನು ಮಾಡುವುದೇನಿಲ್ಲ ಅಂದಂತೆ. ವಾಸನೆಗಂತೂ ಈ ಪದ ಬೇಡವೇ ಬೇಡ. ಸಕ್ಕರೆ ಕಾರ್ಖಾನೆ ಶುರುವಾದಾಗ ಕಾಕಂಬಿ ವಾಸನೆ ಮೂಗಿಗೆ ಅಡರುತ್ತದೆ, ಬಡಿಯುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರವಾಗುವುದು ವದಂತಿ ‘ವ್ಯಾಪಿಸಿದಾಗ’. ಇಲ್ಲಿ ವ್ಯಾಕರಣ ಸ್ವಲ್ಪ ನೋಡಿ. ‘ಹರಡು’ ಎರಡೂ ಕಡೆ ನಡೆಯುತ್ತದೆ. ಸುದ್ದಿ ಹರಡಿತು ಅನ್ನಬಹುದು, ಸುದ್ದಿ ಹರಡಿದರು ಅಂತಲೂ ಅನ್ನಬಹುದು. ‘ಹಬ್ಬು’ವಿಗೆ ‘ಹಬ್ಬಿಸು’ ಇದೆ. ‘ವ್ಯಾಪಿಸು’ ಹಾಗಲ್ಲ, ‘ಅವರು ವದಂತಿ ವ್ಯಾಪಿಸಿದರು’ ಅಂತ ಯಾರೂ ಬರೆಯುವುದಿಲ್ಲ, ಬರೆದರೂ ಕಿವಿಗೆ ಒಗ್ಗುವುದಿಲ್ಲ. ಹೀಗಾಗಿ ವದಂತಿ ವ್ಯಾಪಿಸಿತು ಅಂದಾಗ, ಮಾಡಿದವನು ವಾಕ್ಯದಿಂದ ಸುಮ್ನೆ ತಪ್ಪಿಸಿಕೊಂಡುಬಿಡುತ್ತಾನೆ. ಮೊಬೈಲಿನಲ್ಲಿ ಯಾರೋ ಒಬ್ಬರು ಬೆರಳು ಒತ್ತಿ ಕಳಿಸಿದ್ದಲ್ವಾ ಅದು? ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸುದ್ದಿಗೆ ಪರ ಊರಿನ ಅಮಾಯಕರು ಹೊಡೆತ ತಿಂದ ನಾಡು ನಮ್ಮದು. ‘ಹರಡಿದ್ದಾರೆ’, ‘ಹಬ್ಬಿಸಿದ್ದಾರೆ’ ಅಂತಲೇ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ‘ಕಿಡಿಗೇಡಿಗಳು’ ಅಂತಾದರೂ ಹಾಕಿ.

ನಿಮ್ಮ ಹಳ್ಳಿ ವರದಿಗಾರರಿಗೆ ಈ ಮಾತುಗಳೆಲ್ಲ ಗೊತ್ತು, ಅವರೂ ಇದೇ ಮಣ್ಣಿನವರು. ರೈತ ‘ಒಳಗಿಂದ ನೀರ ಬಂದೈತ್ರಿ’ ಅಂದದ್ದನ್ನು ಅವರು ಕೇಳಿಸಿಕೊಂಡೇ ಇರುತ್ತಾರೆ. ಕಚೇರಿಯಲ್ಲಿ ತಿದ್ದುವಾಗ ಅದು ಬದಲಾಗುತ್ತದೋ, ಪತ್ರಿಕೆಯ ಭಾಷೆ ಅಂದರೆ ಹೀಗೇ ಇರಬೇಕು ಅಂತ ಅವರೇ ಬದಲಾಯಿಸಿ ಕಳಿಸುತ್ತಾರೋ, ಎರಡನ್ನೂ ನೀವು ಸರಿಮಾಡಬಹುದು. ನೀರಿನ ಸುದ್ದಿ ಬಂದಾಗ ನದಿಯದೋ, ಹಿನ್ನೀರೋ, ಬಸಿನೀರೋ ಅಂತ ಒಮ್ಮೆ ಕೇಳಿ ಆಮೇಲೆ ಅಚ್ಚಿಗೆ ಕಳಿಸಿ. ಈ ಮಳೆಗಾಲದಿಂದಲೇ ಶುರುಮಾಡಿದರೆ ಒಳ್ಳೆಯದು.

ಇಂತಿ ನಿಮ್ಮ ಓದುಗ,
ಮುಧೋಳ, ಬಾಗಲಕೋಟೆ ಜಿಲ್ಲೆ