ಬೆಂದ ಹಾಗೆ ಕಾಣುವ ಅಣಬೆಗಳು

ಪ್ರೀತಿಯ ಪದ್ದು,

ಮಗಳಿಗೆ ಪಾಲಿಮರ್ ಕ್ಲೇಯಲ್ಲಿ ಅಣಬೆ ಮಾಡಿಸಬೇಕು, ಹೇಗೆಂದು ಬರೆದು ಕಳಿಸು ಅಂದಿದ್ದೆಯಲ್ಲ. ಇಲ್ಲೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಇದನ್ನೇ ಕೇಳಿದವರು ಇನ್ನೂ ಮೂರ್ನಾಲ್ಕು ಮಂದಿ ಇದ್ದಾರೆ. ನಮ್ಮಿಬ್ಬರ ನಡುವಿನ ಆ ಮೂರನೇ ಕೊಡೆಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ ಮಾರಾಯ.

ಕ್ಲೇ ಎಂದರೂ ಇದು ಮಣ್ಣಲ್ಲ. ಪಿವಿಸಿಯ ಸಣ್ಣ ಕಣಗಳು, ಅವನ್ನು ಮೆದುವಾಗಿಡುವ ಎಣ್ಣೆಯಂಥ ಪ್ಲಾಸ್ಟಿಸೈಸರ್, ಮತ್ತೆ ಬಣ್ಣ. ಗಾಳಿಗೆ ಇಟ್ಟರೆ ಒಣಗುವುದಿಲ್ಲ, ಆದರೆ ಬಿಸಿಲು ಆಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಗಾಜು ಏರಿಸಿದ ಕಾರಿನೊಳಗೆ ಪ್ಯಾಕೆಟ್ ಮರೆತರೆ ಅದು ಅಲ್ಲಿಯೇ ಗಟ್ಟಿಯಾಗಲು ಶುರುವಾಗುತ್ತದೆ, ಆಮೇಲೆ ಎಷ್ಟು ನಾದಿದರೂ ತರಿತರಿ ಹೋಗುವುದಿಲ್ಲ. ಉಳಿದ ಹಸಿ ಕ್ಲೇಯನ್ನು ಬಟರ್ ಪೇಪರಿನಲ್ಲಿ ಸುತ್ತಿ ಜಿಪ್ ಕವರಿನಲ್ಲಿಡು. ಸಿಕ್ಕಿದ ಗಡಸು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರೆ ಕೆಲವೊಮ್ಮೆ ಡಬ್ಬದ ತಳವೇ ಕರಗಿ ಅಂಟಂಟಾಗುತ್ತದೆ. ಇದಕ್ಕೆ ಬಳಸಿದ ಲಟ್ಟಣಿಗೆ, ಚಾಕು, ಟೈಲ್ಸ್ ಮತ್ತೆ ಅಡುಗೆಮನೆಗೆ ಹೋಗಬಾರದು.

ಐದು ನಿಮಿಷ ಚೆನ್ನಾಗಿ ನಾದು. ಹಾಳೆ ಮಾಡಿ ಮಡಚಿದಾಗ ಅಂಚು ಬಿರಿದರೆ ಇನ್ನೂ ನಾದಬೇಕು. ನಮ್ಮ ಸೆಕೆಗೆ ಅಂಗೈಯಲ್ಲೇ ಮೇಣದಂತಾದರೆ ಬಿಳಿ ಕಾಗದದ ನಡುವೆ ಅರ್ಧ ಗಂಟೆ ಒತ್ತಿಡು, ಹೆಚ್ಚಿನ ಎಣ್ಣೆಯನ್ನು ಕಾಗದ ಹೀರುತ್ತದೆ. ಬಿಳಿಯ ಕೆಲಸ ಮೊದಲು, ಕೆಂಪು ಕೊನೆಗೆ. ಕೆಂಪು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದರೂ ಬಿಳಿಗೆ ಗುಲಾಬಿ ಹತ್ತುತ್ತದೆ.

ದಂಟಿಗೆ ಬರೀ ಬಿಳಿ ಬೇಡ, ಪೈಪಿನ ತುಂಡಿನ ಹಾಗೆ ಕಾಣುತ್ತದೆ. ಎರಡು ಪಾಲು ಬಿಳಿಗೆ ಒಂದು ಪಾಲು ಟ್ರಾನ್ಸ್‌ಲೂಸೆಂಟ್ (ಅರೆಪಾರದರ್ಶಕ) ಕ್ಲೇ, ಸಾಸಿವೆಯಷ್ಟು ಕಂದು. ಒಳಗೆ ಒಂದು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಅಥವಾ ತಾಮ್ರದ ತಂತಿ ಇರಲಿ. ಒಂಟಿ ತಂತಿ ಹಾಕಿದರೆ ಕ್ಲೇ ಅದರ ಸುತ್ತ ಗಿರಗಿರ ತಿರುಗುತ್ತದೆ, ಆದ್ದರಿಂದ ಎರಡೆಳೆ ಹೊಸೆದು ಹಾಕು. ಕಬ್ಬಿಣದ ಕಟ್ಟುತಂತಿಯಂತೂ ಬೇಡವೇ ಬೇಡ. ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಬುಡದಲ್ಲಿ ಕಂದು ಕಲೆ ಇಳಿಯುತ್ತದೆ.

ಟೋಪಿಗೆ ಎರಡು ಸೆಂಟಿಮೀಟರ್ ಅಗಲದ ಉಂಡೆ ಸಾಕು. ಅದನ್ನು ಹೆಬ್ಬೆರಳಿನಿಂದ ಅದುಮಿದರೆ ಎರಡೂವರೆ ಸೆಂಟಿಮೀಟರಿನ ಟೋಪಿಯಾಗುತ್ತದೆ. ಇನ್ನೂ ದೊಡ್ಡದು ಬೇಕಿದ್ದರೆ ನಡುವೆ ಅಲ್ಯುಮಿನಿಯಂ ಫಾಯಿಲಿನ ಗಟ್ಟಿ ಉಂಡೆ ಇಟ್ಟು ಮೇಲೆ ಕ್ಲೇ ಹೊದಿಸು. ದಪ್ಪ ಕಡಿಮೆಯಾದಷ್ಟೂ ಒಳಗಿನವರೆಗೆ ಬೇಯುತ್ತದೆ, ಬಿರುಕೂ ಕಡಿಮೆ.

ಅಣಬೆಯ ಜೀವ ಇರುವುದು ಟೋಪಿಯ ಅಡಿಯಲ್ಲಿ. ಮಗಳಿಗೆ ದಬ್ಬಣ ಕೊಟ್ಟು ಮೊದಲು ಅಡ್ಡಗೆರೆ, ಉದ್ದಗೆರೆ ಎಳೆಯಲು ಹೇಳು. ಆಮೇಲೆ ಪ್ರತಿ ಕಾಲುಭಾಗವನ್ನೂ ಅರ್ಧ ಮಾಡುತ್ತ ಹೋಗಲಿ. ಒಂದು ಕಡೆಯಿಂದ ಶುರುಮಾಡಿ ಸುತ್ತು ಬಂದರೆ ಕೊನೆಯ ಗೆರೆಗಳಿಗೆ ಜಾಗವೇ ಉಳಿಯುವುದಿಲ್ಲ. ಎಲ್ಲ ಗೆರೆಯೂ ದಂಟಿನವರೆಗೆ ಹೋಗಬಾರದು. ಮಳೆಗೆ ಎದ್ದ ಒಂದು ಅಣಬೆಯನ್ನು ಕಿತ್ತು ತಿರುಗಿಸಿ ನೋಡು: ಎರಡು ಉದ್ದದ ಪದರಗಳ ನಡುವೆ ಅಂಚಿನಿಂದ ಹೊರಟು ಅರ್ಧದಲ್ಲೇ ನಿಂತ ಗಿಡ್ಡ ಪದರ ಇರುತ್ತದೆ. ಆ ಗಿಡ್ಡ ಗೆರೆಗಳನ್ನು ಹಾಕಿದ ಕೂಡಲೇ ಆಟಿಕೆಯ ಕಳೆ ಹೋಗಿ ಅಣಬೆಯ ಕಳೆ ಬರುತ್ತದೆ.

ಅವಳಿಗೆ ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯದ್ದೇ ಬೇಕಿರಬಹುದು, ಮಾಡಲಿ. ಆ ಚುಕ್ಕೆಗಳು ಬಣ್ಣವಲ್ಲ, ಎಳೆಯ ಅಣಬೆಯನ್ನು ಮುಚ್ಚಿದ್ದ ಪೊರೆ ಹರಿದು ಉಳಿದ ಚೂರುಗಳು. ಹಾಗಾಗಿ ದುಂಡಗೆ ಉರುಳಿಸಬೇಡಿ, ಉಗುರಿನಲ್ಲಿ ಚಿವುಟಿ ಅಂಟಿಸಿ. ಆದರೆ ಅದು ಚಳಿನಾಡಿನ ಬರ್ಚ್, ಪೈನ್ ಮರಗಳ ಸಂಗಡ ಬೆಳೆಯುವ ಅಣಬೆ. ನನ್ನ ಆಸೆ ಬೇರೆ: ಅವಳು ನಮ್ಮ ಹುತ್ತದ ಅಣಬೆಯನ್ನು ಮಾಡಬೇಕು. ಬೂದುಕಂದು ಟೋಪಿ, ನೆತ್ತಿಯಲ್ಲಿ ಮೊನೆ, ಅರಳಿದ ಮೇಲೆ ಸೀಳಿದ ಅಂಚು, ಮಣ್ಣಿನೊಳಗೆ ಬೇರಿನಂತೆ ಇಳಿದ ಉದ್ದ ದಂಟು. ಮೊನೆಗೆ ಕಂದು ಚಾಕ್ ಪೇಸ್ಟಲ್ ಪುಡಿಯನ್ನು ಒಣ ಬ್ರಶ್ಶಿನಲ್ಲಿ ಸವರು, ಹಸಿ ಕ್ಲೇಗೆ ಅದು ಚೆನ್ನಾಗಿ ಹಿಡಿಯುತ್ತದೆ. ಕಲ್ಲಣಬೆಯಾದರೆ ಇನ್ನೂ ಸುಲಭ, ದಂಟೇ ಇಲ್ಲ. ಕೊಳಕು ಬಿಳಿಯ ಗೋಲಿ ಮಾಡಿ ಹಳೇ ಟೂತ್‌ಬ್ರಶ್ಶಿನಿಂದ ಕುಟ್ಟಿದರೆ ಮುಗಿಯಿತು.

ಇನ್ನು ಬೇಯಿಸುವುದು. ಒಟಿಜಿಯ, ಎಂದರೆ ಮನೆಯ ಚಿಕ್ಕ ಕರೆಂಟ್ ಓವನ್ನಿನ, ತಿರುಪನ್ನು ನಂಬಬೇಡ, ಅದು 130 ಡಿಗ್ರಿ ಸೆಲ್ಸಿಯಸ್ ತೋರಿಸುವಾಗ ಒಳಗೆ 105 ಇರಬಹುದು, 160 ಇರಬಹುದು. ಓವನ್ ಥರ್ಮಾಮೀಟರನ್ನು ಅಣಬೆಯ ಪಕ್ಕದಲ್ಲೇ ನಿಲ್ಲಿಸು. ಟೈಲ್ಸ್ ಇಟ್ಟು ಇಪ್ಪತ್ತು ನಿಮಿಷ ಮೊದಲೇ ಕಾಯಿಸು, ಕೆಂಪಗೆ ಕಾಯುವ ರಾಡಿನ ನೇರ ಕಾವು ತಾಗದ ಹಾಗೆ ಅಣಬೆಯ ಮೇಲೆ ಫಾಯಿಲಿನ ಗೂಡು ಮಾಡು. ಶಾಖ ಸರಿಯಿದ್ದರೆ ಒಂದು ಗಂಟೆ ಬಿಟ್ಟರೂ ಕರಟುವುದಿಲ್ಲ. 175 ದಾಟಿದರೆ ಮಾತ್ರ ಹೊಗೆ ಬರುತ್ತದೆ. ಅದು ಆಮ್ಲದ ಹೊಗೆ, ಕೂಡಲೇ ಸ್ವಿಚ್ ಆರಿಸಿ ಕಿಟಕಿ ತೆರೆದು ಮಗಳನ್ನು ಹೊರಗೆ ಕಳಿಸು. ನಡುವೆ ಕರೆಂಟ್ ಹೋದರೆ ಚಿಂತೆಯಿಲ್ಲ, ಬಂದ ಮೇಲೆ ಮೊದಲಿನಿಂದ ಲೆಕ್ಕ ಹಿಡಿ.

ಮೂಡೆ ಬೆಂದಿದೆಯೋ ಇಲ್ಲವೋ ಎಂದು ಕಡ್ಡಿ ಚುಚ್ಚಿ ನೋಡಬಹುದು, ಇದಕ್ಕೆ ಆ ಉಪಾಯ ಇಲ್ಲ. ಬೇಯದ್ದೂ ಬೆಂದದ್ದರ ಹಾಗೆಯೇ ಕಾಣುತ್ತದೆ, ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಕಣಗಳು ಪೂರ್ತಿ ಬೆಸೆಯದೆ ಬರೀ ಒತ್ತೊತ್ತಾಗಿ ಕೂತಿರುತ್ತವೆ, ಅಷ್ಟೇ.

ಪದ್ದು, ನಿನ್ನ ಶೋಕೇಸಿನಲ್ಲಿರುವ ಮೂರು ಅಣಬೆಗಳು ಹಾಗಿನವು. ಫಿಮೋ ಎಂಬ ಬ್ರ್ಯಾಂಡಿನ ಕ್ಲೇ ಪ್ಯಾಕೆಟಿನಲ್ಲಿ 110 ಡಿಗ್ರಿ, 30 ನಿಮಿಷ ಎಂದಿರುತ್ತದೆ. ಸ್ಕಲ್ಪಿ ಕಂಪನಿಯವರ ಪ್ರೀಮೋ ಕ್ಲೇಗೆ 130 ಡಿಗ್ರಿ ಬೇಕು, ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ. ನಾನು ಫಿಮೋದಲ್ಲಿ ಕಲಿತವ, ಪ್ರೀಮೋವನ್ನೂ 110ರಲ್ಲೇ ಇಡುತ್ತಿದ್ದೆ. ಬಿಳಿ ದಂಟು ಕಂದಾದೀತೆಂದು ಹೊತ್ತಿಗೆ ಮೊದಲೇ ತೆಗೆದದ್ದೂ ಉಂಟು. ಮೊನ್ನೆ ಮನೆಯಲ್ಲಿದ್ದ ಒಂದರ ಧೂಳು ಒರೆಸುವಾಗ ದಂಟು ಬಟ್ಟೆಯಲ್ಲೇ ಮುರಿಯಿತು. ಒಳಗೆ ಸೀಮೆಸುಣ್ಣದ ಹಾಗೆ ಪುಡಿ. ನಿನಗೊಬ್ಬನಿಗೇ ಕೊಟ್ಟದ್ದಲ್ಲ, ದುಡ್ಡು ತೆಗೆದುಕೊಂಡು ಮಾರಿದ್ದೇನೆ. ಕೊಂಡವರಿಗೆಲ್ಲ ವರ್ಷಗಟ್ಟಲೆ ಬಾಳುತ್ತದೆ ಎಂದು ಹೇಳಿದ್ದೇನೆ. ಹಾಗೆ ಹೇಳುವಾಗ ಒಂದೇ ಒಂದು ತುಂಡನ್ನೂ ಬಗ್ಗಿಸಿ ನೋಡಿರಲಿಲ್ಲ. ಅನುಮಾನ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದೇ ನೋಡಲಿಲ್ಲ.

ಇಷ್ಟೆಲ್ಲ ಬರೆಯುವ ಅಂದಾಜು ಇರಲಿಲ್ಲ. ಬರೆದಾಯಿತು, ಇರಲಿ.

ನೀವು ಹೀಗೆ ಮಾಡಿ: ಪ್ರತಿ ಸಲವೂ ಅದೇ ಕ್ಲೇಯ ಎರಡು ಮಿಲಿಮೀಟರ್ ದಪ್ಪದ ಪಟ್ಟಿಯೊಂದನ್ನು ಅಣಬೆಯ ಜೊತೆ ಬೇಯಿಸಿ. ಓವನ್ ತಾನಾಗಿ ತಣ್ಣಗಾಗಲಿ, ಪಟ್ಟಿ ಪೂರ್ತಿ ಆರಿದ ಮೇಲೆ ಬಗ್ಗಿಸಿ ನೋಡಿ. ಬಾಗಿದರೆ ಬೆಂದಿದೆ, ಟಪ್ಪೆಂದು ಮುರಿದರೆ ಇಲ್ಲ. ಅಣಬೆ ಪಟ್ಟಿಗಿಂತ ದಪ್ಪ, ಆದ್ದರಿಂದ ಹೊತ್ತನ್ನು ಅಣಬೆಯ ದಪ್ಪಕ್ಕೇ ಲೆಕ್ಕ ಹಾಕಬೇಕು. ಹೊಳಪಿಗೆ ನೇಲ್ ಪಾಲಿಶ್ ಬೇಡ, ದಿನ ಹೋದಂತೆ ಅಂಟಾಗುತ್ತದೆ. ಬ್ರಶ್ಶನ್ನು ನೀರಿನಲ್ಲೇ ತೊಳೆಯಬಹುದಾದ ಅಕ್ರಿಲಿಕ್ ವಾರ್ನಿಶ್ ತೆಳುವಾಗಿ ಸವರಿ, ಮಳೆಗಾಲದಲ್ಲಿ ಒಂದಿಡೀ ದಿನ ಒಣಗಲು ಬಿಡಿ.

ಒಳ್ಳೆಯ ವಿಷಯವೂ ಉಂಟು. ಪಾಲಿಮರ್ ಕ್ಲೇಯನ್ನು ಎಷ್ಟು ಸಲ ಬೇಕಾದರೂ ಮತ್ತೆ ಬೇಯಿಸಬಹುದು. ಮುರಿಯದೆ ಉಳಿದವನ್ನು 130 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಸರಿಯಾಗುತ್ತವೆ. ನನ್ನಿಂದ ಅಣಬೆ ಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಂದುಕೊಡಿ, ನಾನೇ ಬೇಯಿಸಿ ಕೊಡುತ್ತೇನೆ. ಮುರಿದಿದ್ದರೆ ಹೊಸದು ಮಾಡಿ ಕೊಡುತ್ತೇನೆ.

ನೀನು ಮೂರನ್ನೂ ಹತ್ತಿಯಲ್ಲಿ ಸುತ್ತಿ ಭಾನುವಾರ ಉಡುಪಿಗೆ ತಾ. ದಂಟು ಹಿಡಿದು ಎತ್ತಬೇಡ, ಟೋಪಿಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತು. ಬೇಯುವ ಒಂದು ಗಂಟೆಯಲ್ಲಿ ಮಗಳನ್ನು ಕರೆದುಕೊಂಡು ಗಡ್‌ಬಡ್ ತಿಂದು ಬರುವ, ದುಡ್ಡು ನನ್ನದು. ಕೊಡೆ ನೀನೇ ತರಬೇಕು. ಎರಡೇ ಸಾಕು.

ನಿನ್ನ,
ಹಳೇ ಬಸ್‌ಸ್ಟ್ಯಾಂಡಿನವ