ಗೆಳೆಯನಿಗೊಂದು ಪತ್ರ: ಬಾಗಿಲು ತೆರೆದ ಮೇಲೆ

ಪ್ರೀತಿಯ ದೋಸ್ತಿ,

"ಆಕಾಶದಿಂದ ಧುಮುಕುವಾಗ ಹೆದರಿದೆಯಾ?" ಅಂತ ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಅಮ್ಮ ಕೂತಿದ್ದರು. ವಿಮಾನದ ಬಾಗಿಲು ತೆರೆದಾಗ ಏನಾಯಿತು ಅಂತ ಅವರ ಎದುರು ಹೇಳಲು ಮನಸ್ಸು ಬರಲಿಲ್ಲ. ಈಗ ರಾತ್ರಿ ಹತ್ತೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ನೀನೂ ಸ್ಕೈಡೈವಿಂಗ್ ಮಾಡುತ್ತೇನೆ ಅಂತ ಹೊರಟಿದ್ದೀಯ, ಹಾಗಾಗಿ ಏನನ್ನೂ ಬಿಡದೆ ಬರೆಯುತ್ತೇನೆ.

ಮೊದಲು ಅಮ್ಮನ ವಿಷಯ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ವಾ, 158 ಜನ ಹೋದರು. ಆವತ್ತಿನಿಂದ ಅಕ್ಕ-ಭಾವ ದುಬೈಯಿಂದ ಬರುವ ದಿನ, ಇಳಿದೆವು ಅಂತ ಫೋನ್ ಬರುವವರೆಗೆ ಅಮ್ಮ ಊಟಕ್ಕೆ ಕೂರುವುದಿಲ್ಲ. ಅಂಥವರ ಹತ್ತಿರ ಹಾರುತ್ತಿರುವ ವಿಮಾನದಿಂದ ಹೊರಗೆ ಧುಮುಕುತ್ತೇನೆ ಅಂತ ಹೇಗೆ ಹೇಳುವುದು? ಮೂರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಅಕ್ಕನೇ ದುಬೈಯಿಂದ ಒಂದು ಫೋಟೋ ಕಳಿಸಿದಳು. ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಆಕಾಶದಿಂದ ಧುಮುಕಿದ ಫೋಟೋ. ಆಕೆಯ ಮೊಟ್ಟಮೊದಲ ಜಿಗಿತವೇ 2004ರಲ್ಲಿ, ಉತ್ತರ ಧ್ರುವದ ಹಿಮದ ಮೇಲೆ. 2011ರಲ್ಲಿ ಪದ್ಮಶ್ರೀ ಬಂದಿದೆ. ಅಮ್ಮ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. "ಸೀರೆಗೆ ಎಷ್ಟು ಪಿನ್ನು ಹಾಕಿರಬಹುದು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗೆ ಮುಟ್ಟಿದ ಕೂಡಲೇ ಫೋನ್ ಮಾಡು" ಅಂದರು. ಅದೇ ಒಪ್ಪಿಗೆ.

ಜನವರಿಯಲ್ಲಿ ಹೋದೆ. ದುಬೈಯಲ್ಲಿ ಸಮುದ್ರದೊಳಗೆ ತಾಳೆ ಮರದ ಆಕಾರದಲ್ಲಿ ಕಟ್ಟಿದ ದ್ವೀಪ ಉಂಟಲ್ಲ, ಪಾಮ್ ಜುಮೇರಾ, ಅದರ ಪಕ್ಕದಲ್ಲೇ ಹಾರುವ ಜಾಗ. ತೂಕ ನೋಡಿದರು, ಫಾರಂಗಳಿಗೆ ಸಹಿ ಹಾಕಿಸಿಕೊಂಡರು. ಮೊದಲ ಸಲ ಹಾರುವವರಿಗೆ ಟ್ಯಾಂಡಮ್ ಜಂಪ್. ಅಂದರೆ ತರಬೇತಿಯಾದವರ ಎದೆಗೆ ನಮ್ಮ ಬೆನ್ನು ತಾಗಿಸಿ ಕಟ್ಟುತ್ತಾರೆ. ಪ್ಯಾರಾಚೂಟ್ ಇರುವುದು ಅವರ ಬೆನ್ನಿಗೆ. ಒಂದಲ್ಲ, ಎರಡು. ದೊಡ್ಡದು ಕೈಕೊಟ್ಟರೆ ಇನ್ನೊಂದು. ಅದರ ಜೊತೆಗೆ ಒಂದು ಪುಟ್ಟ ಯಂತ್ರ ಇರುತ್ತದೆ. ತೀರಾ ಕೆಳಗೆ ಬಂದರೂ ಬೀಳುವ ವೇಗ ಕಡಿಮೆ ಆಗಿಲ್ಲ ಅಂತ ಗೊತ್ತಾದರೆ ಅದು ತಾನಾಗಿಯೇ ಎರಡನೆಯದನ್ನು ಬಿಚ್ಚುತ್ತದೆ.

ನಮಗೆ ಕಲಿಸಿದ್ದು ಜಾಸ್ತಿ ಏನಿಲ್ಲ. ಹೊರಗೆ ಬರುವಾಗ ತಲೆ ಹಿಂದಕ್ಕೆ, ಸೊಂಟ ಮುಂದಕ್ಕೆ, ಕಾಲು ಹಿಂದಕ್ಕೆ ಮಡಚಬೇಕು. ಬಾಳೆಹಣ್ಣಿನ ಹಾಗೆ ಬಾಗಬೇಕು. ಇಳಿಯುವಾಗ ಎರಡೂ ಕಾಲು ಮೇಲೆತ್ತಬೇಕು. ಅಷ್ಟೇ.

ಸರದಿಗೆ ಕಾಯುವಾಗ ಪ್ಯಾರಾಚೂಟ್ ಮಡಚುವವರನ್ನು ನೋಡುತ್ತಾ ನಿಂತೆ. ಇದನ್ನು ನೀನು ತಪ್ಪದೆ ನೋಡಬೇಕು. ಒಬ್ಬ ಹುಡುಗ ಬಟ್ಟೆಯನ್ನು ನೆಲದ ಮೇಲೆ ಹರಡಿದ. ದಾರಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಒಂದಕ್ಕೊಂದು ಸುತ್ತಿಕೊಂಡಿಲ್ಲ ಅಂತ ತುದಿಯವರೆಗೆ ನೋಡಿದ. ಅಮ್ಮ ಸೀರೆ ನೆರಿಗೆ ಹಿಡಿಯುವ ಹಾಗೆ ಒಂದೊಂದೇ ಮಡಿಕೆ ಹಿಡಿದು ಜೋಡಿಸಿದ. ಆಮೇಲೆ ಅದರ ಮೇಲೆ ಮೈಚೆಲ್ಲಿ ಮಲಗಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿದ. ಚೀಲದೊಳಗೆ ತುಂಬುವಾಗ ಅವನ ಹಣೆ ಬೆವರಿತ್ತು. ಯಾರೋ ಏನೋ ಕೇಳಿದರು. ಕಟ್ಟಿ ಮುಗಿಯುವವರೆಗೆ ಅವನು ತಲೆ ಎತ್ತಲೇ ಇಲ್ಲ. ನನಗೆ ಧೈರ್ಯ ಅಂತ ಬಂದದ್ದು ಆಗಲೇ.

ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಅಣ್ಣ ನಿನಗೆ ನೆನಪುಂಟಲ್ಲ? ಸಣ್ಣವರಿದ್ದಾಗ ನಾವಿಬ್ಬರೂ ಅವರ ಹಿಂದೆಯೇ ತಿರುಗುತ್ತಿದ್ದೆವು. ಒಂದು ಮರದ ತುದಿಯಿಂದ ತೂಗಿ ಇನ್ನೊಂದು ಮರ ಹಿಡಿಯುವಾಗ ನಾವು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆವು. ಪ್ರತಿ ಸಲ ಮರ ಹತ್ತುವ ಮೊದಲು ಅವರು ತಳೆಯನ್ನು, ಅಂದರೆ ಮರ ಹತ್ತಲು ಕಾಲಿಗೆ ಹಾಕುವ ಬಳೆಯನ್ನು, ಎರಡೂ ಕೈಯಲ್ಲಿ ಜಗ್ಗಿ ನೋಡುತ್ತಾರೆ. ನಲವತ್ತು ವರ್ಷದ ಅಭ್ಯಾಸ. ಒಂದು ಸಲವೂ ಬಿಟ್ಟದ್ದಿಲ್ಲ. ನನ್ನ ಜೊತೆ ಹಾರಿದವರೂ ಹಾಗೆಯೇ. ಭುಜದ ಹತ್ತಿರ ಎರಡು ಕೊಕ್ಕೆ, ಸೊಂಟದ ಹತ್ತಿರ ಎರಡು. ವಿಮಾನದಲ್ಲಿ ನಾಲ್ಕನ್ನೂ ಮುಟ್ಟಿ ಜಗ್ಗಿದರು. ಬಾಗಿಲು ತೆರೆಯುವ ಮೊದಲು ಮತ್ತೆ ನಾಲ್ಕನ್ನೂ ಜಗ್ಗಿದರು. ತೊಡೆಯ ಪಟ್ಟಿಯನ್ನು ಎಷ್ಟು ಬಿಗಿ ಮಾಡಿದರು ಅಂದರೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ.

13,000 ಅಡಿ ಅಂದರೆ ಎಷ್ಟು ಗೊತ್ತುಂಟಾ? ಕುದುರೆಮುಖದ ಮೇಲೆ ಇನ್ನೊಂದು ಕುದುರೆಮುಖ ಇಟ್ಟರೂ ಅಷ್ಟಾಗುವುದಿಲ್ಲ. ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿಯಂತೆ ಚಳಿ ಏರುತ್ತದೆ. ಕೆಳಗೆ ಬಿಸಿಲಿತ್ತು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಗಾಳಿ ಮಂಜಿನ ಹಾಗೆ ಮುಖಕ್ಕೆ ಹೊಡೆಯಿತು.

ಈಗ ನಿನ್ನ ಪ್ರಶ್ನೆ. ಹೌದು, ಹೆದರಿದೆ. ಬಹಳ ಹೆದರಿದೆ. ಅಂಚಿನಲ್ಲಿ ಕೂತಾಗ ನನ್ನ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಕೆಳಗೆ ಸಮುದ್ರ ಕಾಣುತ್ತಿತ್ತು. ಅಲೆ ಕಾಣುತ್ತಿರಲಿಲ್ಲ. ನಾವು ಮಲ್ಪೆಯಲ್ಲಿ ನೋಡಿ ಬೆಳೆದ ಸಮುದ್ರ ಇದೇ ಅಂತ ಅನ್ನಿಸಲೇ ಇಲ್ಲ. ಹೊಟ್ಟೆಯೊಳಗೆ ಏನೋ ಗಟ್ಟಿಯಾಯಿತು. ಬೇಡ ಅಂತ ಹೇಳಬೇಕು ಅಂದುಕೊಂಡೆ. ಬಾಯಿ ಬರಲಿಲ್ಲ. ಹಿಂದಿನಿಂದ ಒಂದು ಕೈ ನನ್ನ ಹಣೆಯನ್ನು ಹಿಡಿದು ತಲೆಯನ್ನು ಅವರ ಭುಜಕ್ಕೆ ಒರಗಿಸಿತು. ಜ್ವರ ಬಂದಾಗ ಅಮ್ಮ ಹಿಡಿಯುವ ಹಾಗೆ. ಅಷ್ಟರಲ್ಲಿ ನಾವು ಹೊರಗಿದ್ದೆವು.

ಹೊರಗೆ ಬಂದ ಮೇಲೆ ಆ ಹೆದರಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಜಾತ್ರೆಯ ತೊಟ್ಟಿಲಲ್ಲಿ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದಲ್ವಾ, ಇಲ್ಲಿ ಅದು ಇಲ್ಲವೇ ಇಲ್ಲ. ಆಮೇಲೆ ಅವರೇ ವಿವರಿಸಿದರು. ವಿಮಾನದ ಜೊತೆ ನಾವೂ ಮೊದಲೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತೇವೆ. ಆ ಮುಂದಿನ ಓಟವೇ ನಿಧಾನಕ್ಕೆ ಕೆಳಮುಖ ಆಗುತ್ತದೆ, ಹಾಗಾಗಿ ಒಮ್ಮೆಲೇ ಬಿದ್ದ ಹಾಗೆ ಅನ್ನಿಸುವುದಿಲ್ಲ. ಗಂಟೆಗೆ ಸುಮಾರು 200 ಕಿಲೋಮೀಟರ್ ಮುಟ್ಟಿದ ಮೇಲೆ ಕೆಳಗಿನ ಗಾಳಿಯ ತಡೆಯೂ ನಮ್ಮ ಭಾರವೂ ಸಮ ಆಗುತ್ತದೆ, ವೇಗ ಏರುವುದು ನಿಲ್ಲುತ್ತದೆ. ಇಬ್ಬರ ಭಾರಕ್ಕೆ ಇನ್ನೂ ಜೋರಾಗಿ ಬೀಳಬೇಕಿತ್ತು, ಅದಕ್ಕೇ ಹಿಂದೆ ಒಂದು ಸಣ್ಣ ಪ್ಯಾರಾಚೂಟ್ ಎಳೆದುಕೊಂಡು ಬರುತ್ತಾರೆ. ಬೀಳುತ್ತಿದ್ದೇನೆ ಅನ್ನಿಸಲಿಲ್ಲ ಮಾರಾಯ. ಗಾಳಿಯ ಮೇಲೆ ಮಲಗಿದ್ದೆ. ಆ ಗಾಳಿಗೆ ಭಾರ ಇತ್ತು, ಅಂಗೈ ಚಾಚಿದರೆ ಹಿಡಿಯಬಹುದು ಅನ್ನುವಷ್ಟು. ಒಂದು ನಿಮಿಷ ಅಂತೆ. ನನಗೆ ಲೆಕ್ಕ ಸಿಗಲಿಲ್ಲ.

ಆಮೇಲೆ ಮೇಲಕ್ಕೆ ಎಳೆದ ಹಾಗಾಯಿತು. ಗಾಳಿಯ ಬೊಬ್ಬೆ ತಟ್ಟನೆ ನಿಂತಿತು. ಆ ಮೌನವನ್ನು ನಿನಗೆ ಹೇಗೆ ಹೇಳುವುದೋ ತಿಳಿಯುವುದಿಲ್ಲ. ತಲೆಯ ಮೇಲೆ ಬಟ್ಟೆ ಸಣ್ಣಗೆ ಪಟಪಟ ಅನ್ನುವುದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಆ ಹುಡುಗ ಹಿಡಿದ ಮಡಿಕೆಗಳು ಒಂದೊಂದೂ ಬಿಚ್ಚಿ ಗಾಳಿ ತುಂಬಿ ನಿಂತಿದ್ದವು. ಕೆಳಗೆ ಸಮುದ್ರದಲ್ಲಿ ಮರಳು ಹಾಕಿ ಮಾಡಿದ ಪಾಮ್, ಯಾರೋ ನೀರಿನಲ್ಲಿ ಮಡಲು ಹರಡಿ ಇಟ್ಟ ಹಾಗೆ. ನನಗೆ ಅಳು ಬಂತು. ಸುಮ್ನೆ ಬಂತು. ಅವರು ಭುಜ ತಟ್ಟಿದರು, ಏನೂ ಕೇಳಲಿಲ್ಲ.

ಒಂದು ತಪ್ಪು ಮಾಡಿದ್ದೆ. ಹಿಂದಿನ ದಿನದಿಂದ ಶೀತ ಇತ್ತು, ಹೇಳಿದರೆ ಬಿಡುವುದಿಲ್ಲ ಅಂತ ಹೇಳಲಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ವಾ, ಅದರ ಎಷ್ಟೋ ಪಟ್ಟು. ಎಡ ಕಿವಿ ಎರಡು ದಿನ ನೋಯಿತು. ನಿನಗೆ ಶೀತ ಇದ್ದರೆ ಆವತ್ತು ಬೇಡ, ಇನ್ನೊಂದು ದಿನ ಹೋಗು. ಇನ್ನೊಂದು, ನೀನು ನೇತ್ರಾಣಿಯಲ್ಲಿ ಮತ್ತೆ ಸ್ಕೂಬಾ ಮಾಡುತ್ತೇನೆ ಅಂದೆಯಲ್ಲ. ಎರಡನ್ನೂ ಹತ್ತಿರ ಹತ್ತಿರ ಇಟ್ಟುಕೊಳ್ಳಬೇಡ. ನೀರಿನಡಿ ಹೋಗಿ ಬಂದ ಮೇಲೆ ಒಂದು ದಿನವಾದರೂ ಕಳೆಯದೆ ಎತ್ತರಕ್ಕೆ ಹೋಗಬಾರದು, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಏಳುತ್ತದೆ.

ಮರಳಿನ ಹತ್ತಿರ ಬಂದಾಗ ಕಾಲು ಎತ್ತಿದೆ. ಕೂತ ಹಾಗೆಯೇ ನೆಲ ಸಿಕ್ಕಿತು. ಅಮ್ಮ ಒಂದೇ ರಿಂಗಿಗೆ ಫೋನ್ ಎತ್ತಿದರು. "ಮುಟ್ಟಿದೆ" ಅಂದೆ. "ಊಟ ಮಾಡುತ್ತೇನೆ" ಅಂದರು. ಊರಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ.

ಹಿರಿಯಡ್ಕಕ್ಕೆ ಬಂದ ವಾರವೇ ಅಡಿಕೆ ಕೊಯ್ಲಿತ್ತು. ಆ ಅಣ್ಣನಿಗೆ ಮೊಬೈಲಿನಲ್ಲಿ ವೀಡಿಯೋ ತೋರಿಸಿದೆ. ಪೂರ್ತಿ ನೋಡಿದರು. ಎತ್ತರ ಎಷ್ಟು, ದುಡ್ಡು ಎಷ್ಟು ಅಂತ ಕೇಳಲಿಲ್ಲ. ತುಳುವಿನಲ್ಲಿ ಒಂದೇ ಮಾತು ಕೇಳಿದರು.

"ಅದನ್ನು ಕಟ್ಟಿದವನನ್ನು ನೋಡಿದ್ದೀಯಾ?"

"ನೋಡಿದೆ ಅಣ್ಣಾ. ಹತ್ತಿರವೇ ನಿಂತು ನೋಡಿದೆ."

"ಹ್ಞೂಂ" ಅಂದರು. ತಳೆಯನ್ನು ಎರಡು ಸಲ ಜಗ್ಗಿ, ಕಾಲಿಗೆ ಹಾಕಿಕೊಂಡು ಮರ ಹತ್ತಿದರು.

ನೀನು ಯಾವ ದಿನ ಹಾರುತ್ತೀಯ ಅಂತ ತಿಳಿಸು. ನಿನ್ನ ಅಮ್ಮನಿಗೆ ಹೇಳಲು ಕಷ್ಟ ಆದರೆ ನಾನೂ ಜೊತೆಗೆ ಬರುತ್ತೇನೆ, ಆ ಸೀರೆಯ ಫೋಟೋ ನನ್ನ ಹತ್ತಿರ ಉಂಟು. ನೆಲ ಮುಟ್ಟಿದ ಕೂಡಲೇ ಮೊದಲು ಅವರಿಗೆ ಫೋನ್ ಮಾಡು, ಆಮೇಲೆ ನನಗೆ.

ನಿನ್ನ,
ಹಿರಿಯಡ್ಕದ ದೋಸ್ತಿ