‘ಫಿಟ್ಸ್ ಬಂತು’ ಎಂದರೆ ಸಾಲದು, ಕಂಡದ್ದನ್ನು ಹೇಳಬೇಕು

ಮಾನ್ಯ ಸಂಪಾದಕರೇ,

ಕಲ್ಲಿಕೋಟೆ, ಮಲಪ್ಪುರಂ ಕಡೆಗಳಿಂದ ಅಮೀಬಾ ಮೆದುಳು ಜ್ವರದ ಸುದ್ದಿ ಬಂದಾಗಲೆಲ್ಲ ಕಾಸರಗೋಡಿನ ನಮ್ಮ ಊರುಗಳಲ್ಲೂ ನಾಲ್ಕು ದಿನ ಭಯ ಹರಡಿ, ಬಳಿಕ ತಣ್ಣಗಾಗುತ್ತದೆ. ಆ ಭಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ತಿಳಿವಳಿಕೆಯೊಂದು ನಮ್ಮಲ್ಲಿ ಇನ್ನೂ ಬೇರೂರದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸೆಳೆತ ಬಂದವರನ್ನು ವೈದ್ಯರ ಬಳಿಗೆ ತಲುಪಿಸುವ ಹೊತ್ತಿಗೆ ಅದು ಸಾಮಾನ್ಯವಾಗಿ ನಿಂತಿರುತ್ತದೆ. ಅದು ಹೇಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಪಕ್ಕದಲ್ಲಿದ್ದವರ ಮಾತೇ ಆಧಾರ. ‘ಫಿಟ್ಸ್ ಬಂತು’ ಎಂದಷ್ಟೇ ಹೇಳಿ ಸುಮ್ಮನಾದರೆ ಚಿಕಿತ್ಸೆಯ ದಾರಿಯೇ ತಪ್ಪಬಹುದು.

ನೆಲಕ್ಕೆ ಬಿದ್ದು, ಕೈಕಾಲು ಸೆಟೆದು ಅದುರಿ, ಬಾಯಲ್ಲಿ ನೊರೆ ಬರುವುದು ಮಾತ್ರವೇ ಅಪಸ್ಮಾರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನಾನು ಅಧ್ಯಾಪಿಕೆಯಾಗಿದ್ದ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪಾಠ ಓದುತ್ತಿದ್ದಂತೆಯೇ ಸಾಲಿನ ನಡುವೆ ಓದು ನಿಲ್ಲಿಸಿಬಿಡುತ್ತಿದ್ದಳು. ದೃಷ್ಟಿ ಒಂದೆಡೆ ನೆಟ್ಟು, ರೆಪ್ಪೆಗಳು ಪಟಪಟನೆ ಬಡಿದು, ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಓದು ಮುಂದುವರಿಸುತ್ತಿದ್ದಳು. ಮನೆಯವರು ಅದನ್ನು ಉದಾಸೀನವೆಂದು ತಿಳಿದು ಗದರಿಸುತ್ತಿದ್ದರು. ಮಂಗಳೂರಿನ ವೈದ್ಯರು ಅವಳಿಂದ ಸುಮಾರು ಮೂರು ನಿಮಿಷ ಜೋರಾಗಿ ಉಸಿರಾಡಿಸಿದಾಗ ಅದೇ ‘ಮೈಮರೆವು’ ಎಲ್ಲರ ಕಣ್ಣೆದುರಿಗೇ ಬಂತು. ಮಕ್ಕಳಲ್ಲಿ ಕಾಣುವ ಆಬ್ಸೆನ್ಸ್ ಎಂಬ ಅಪಸ್ಮಾರದ ಬಗೆ ಅದು. ದಿನಕ್ಕೆ ಹತ್ತಾರು ಬಾರಿ ಬಂದರೂ ಯಾರ ಗಮನಕ್ಕೂ ಬಾರದಿರುವ ಸಾಧ್ಯತೆಯುಂಟು.

ಇನ್ನೊಂದು ಬಗೆ ಹದಿಹರೆಯದವರದ್ದು. ಬೆಳಗ್ಗೆ ಎದ್ದೊಡನೆ ತೋಳು ಒಮ್ಮೆಲೇ ಜಗ್ಗಿ ಹಲ್ಲುಜ್ಜುವ ಬ್ರಷ್ ಅಥವಾ ಚಹಾದ ಲೋಟ ಕೈಯಿಂದ ಹಾರಿಹೋಗುತ್ತದೆ. ರಾತ್ರಿಯಿಡೀ ಯಕ್ಷಗಾನವನ್ನೋ ಕೋಲವನ್ನೋ ನೋಡಿ ನಿದ್ದೆಗೆಟ್ಟ ಮರುದಿನ ಇದು ಹೆಚ್ಚು, ಕೆಲವೊಮ್ಮೆ ಪೂರ್ಣ ಸೆಳೆತವೂ ಬರುತ್ತದೆ. ಮತ್ತೆ ಕೆಲವರಲ್ಲಿ ಹೊಟ್ಟೆಯಿಂದ ಏನೋ ಮೇಲೇರಿದಂತಾಗಿ, ಇಲ್ಲದ ವಾಸನೆ ಬಂದು, ಬಳಿಕ ತುಟಿ ಚಪ್ಪರಿಸುತ್ತ ಬಟ್ಟೆ ಎಳೆದಾಡುತ್ತ ಕೆಲ ಹೊತ್ತು ಮಾತಿಗೆ ಉತ್ತರವೇ ಇರುವುದಿಲ್ಲ. ಅದು ಮೆದುಳಿನ ಒಂದು ಭಾಗದಲ್ಲಿ ಹುಟ್ಟುವ ಸೆಳೆತ. ಮಂತ್ರವಾದಿಯ ಮನೆ ಬಾಗಿಲಿಗೆ ಹೋಗುವವರಲ್ಲಿ ಇಂಥವರು ಹೆಚ್ಚೆಂದು ನನಗೆ ತೋರುತ್ತದೆ. ಈ ವ್ಯತ್ಯಾಸಗಳು ಏಕೆ ಮುಖ್ಯವೆಂದರೆ, ಒಂದು ಭಾಗದಿಂದ ಹೊರಡುವ ಸೆಳೆತಕ್ಕೆ ಚೆನ್ನಾಗಿ ಹಿಡಿಯುವ ಕಾರ್ಬಮಜೆಪಿನ್ ಮಾತ್ರೆಯೇ ಆ ಶಾಲಾ ಬಾಲಕಿಯ ಬಗೆಯನ್ನೂ ಬೆಳಗಿನ ಜಗ್ಗುವಿಕೆಯನ್ನೂ ಹೆಚ್ಚಿಸಬಹುದು.

ಜ್ವರದೊಂದಿಗೆ ಬರುವ ಸೆಳೆತದಲ್ಲಂತೂ ಎಚ್ಚರ ಇಮ್ಮಡಿಯಾಗಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರ ಏರಿದಾಗ ಬರುವ ಸಾದಾ ಸೆಳೆತ 15 ನಿಮಿಷದೊಳಗೆ ನಿಲ್ಲುತ್ತದೆ, ಇಡೀ ಮೈಗೆ ಬರುತ್ತದೆ, 24 ಗಂಟೆಯೊಳಗೆ ಮರುಕಳಿಸುವುದಿಲ್ಲ, ಮಗುವೂ ಬೇಗ ಚೇತರಿಸಿಕೊಳ್ಳುತ್ತದೆ. ಆದರೂ ಮೊದಲ ಬಾರಿಗೆ ಬಂದಾಗ ವೈದ್ಯರಿಗೆ ತೋರಿಸಲೇಬೇಕು. ಸೆಳೆತ ಒಂದೇ ಪಕ್ಕಕ್ಕೆ ಬಂದರೆ, ನಿಂತ ಮೇಲೂ ಮಗು ಮಂಕಾಗಿಯೇ ಇದ್ದರೆ, ಕತ್ತು ಬಗ್ಗದಿದ್ದರೆ, ವಾಂತಿ ನಿಲ್ಲದಿದ್ದರೆ ಅದು ಮೆದುಳಿನ ಸೋಂಕಿರಬಹುದೆಂದು ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಎಳೆಗೂಸಿನ ಕತ್ತು ಬಿಗಿಯದಿರಲೂಬಹುದು. ಬದಲಿಗೆ ನೆತ್ತಿಯ ಮೆತ್ತನೆಯ ಭಾಗ ಉಬ್ಬುತ್ತದೆ, ಮಗು ಹಾಲು ಕುಡಿಯುವುದಿಲ್ಲ. ದೊಡ್ಡವರಲ್ಲಿ ಜ್ವರ, ತಲೆನೋವುಗಳ ಜೊತೆಗೆ ಮಾತು, ವರ್ತನೆಗಳೇ ಬದಲಾದರೆ ಅದು ಮಾನಸಿಕ ತೊಂದರೆಯೆಂದು ಕಾಯುತ್ತ ಕೂರಬಾರದು. ಹರ್ಪಿಸ್ ವೈರಸ್‌ನ ಮೆದುಳು ಉರಿಯೂತ ಹಾಗೆಯೇ ಆರಂಭವಾಗಬಹುದು, ಅಸೈಕ್ಲೋವಿರ್ ಔಷಧ ತಡವಾದಷ್ಟೂ ಹಾನಿ ಹೆಚ್ಚು. ಮೆದುಳಿಗೆ ತಗಲುವ ಕ್ಷಯದ ಸೋಂಕು ಮಾತ್ರ ವಾರಗಟ್ಟಲೆ ಸಣ್ಣ ಜ್ವರ, ತಲೆನೋವುಗಳಾಗಿ ಮೆಲ್ಲನೆ ಬರುತ್ತದೆ.

ಅಮೀಬಾ ಎಂಬ ಸೂಕ್ಷ್ಮಜೀವಿ, ನೀರು ಕುಡಿಯುವುದರಿಂದ ಮೆದುಳಿಗೆ ಹೋಗುವುದಿಲ್ಲ; ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ನುಗ್ಗಿದಾಗ ಹೋಗುತ್ತದೆ. 2024ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಬಾಲಕನೊಬ್ಬ ಬದುಕುಳಿದದ್ದು ರೋಗವನ್ನು ಬೇಗನೆ ಗುರುತಿಸಿ ಚಿಕಿತ್ಸೆ ಆರಂಭಿಸಿದ್ದರಿಂದ. ಆದುದರಿಂದ ಕೆರೆಯಲ್ಲಿ ಈಜಿದ್ದರೆ ಅದನ್ನು ವೈದ್ಯರು ಕೇಳುವ ಮೊದಲೇ ಅವರಿಗೆ ತಿಳಿಸಬೇಕು. ಪರೀಕ್ಷೆಗೆಂದು ಬೆನ್ನಿನ ನೀರು, ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವ, ತೆಗೆದರೆ ನಡೆಯಲಾಗದೆಂಬ ಹೆದರಿಕೆಯಿಂದ ಆ ಪರೀಕ್ಷೆಯನ್ನು ತಡೆಯುವ ಮನೆಯವರನ್ನು ನಾನು ಕಂಡಿದ್ದೇನೆ. ಆ ಹೆದರಿಕೆಗೆ ಆಧಾರವಿಲ್ಲ, ಸೋಂಕಿನ ಕಾರಣ ತಿಳಿಯಲು ಆ ಪರೀಕ್ಷೆಯೇ ಮುಖ್ಯ ದಾರಿ.

ಸೆಳೆತ ಬಂದಾಗ ಕೈಯಲ್ಲಿ ಕಬ್ಬಿಣ, ಬೀಗದ ಕೈ ಗೊಂಚಲು ಇಡುವುದೂ ಬಾಯಿಗೆ ಚಮಚ ತುರುಕುವುದೂ ಇನ್ನಾದರೂ ನಿಲ್ಲಲಿ. ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ವೈದ್ಯರಿಗೆ ದೊಡ್ಡ ಸಹಾಯ. ನರರೋಗ ತಜ್ಞರಿಗಾಗಿ ನಮ್ಮಲ್ಲಿ ಹಲವರು ಕರ್ನಾಟಕದ ಗಡಿಯಾದ ತಲಪಾಡಿ ದಾಟಬೇಕು. 2020ರಲ್ಲಿ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಜಿಲ್ಲೆ ಮರೆತಿಲ್ಲ. ದೂರ ಹೆಚ್ಚಿದ್ದಷ್ಟೂ ಮನೆಯಲ್ಲೇ ಗುರುತಿಸುವ ಶಕ್ತಿ ಬೇಕು.

ನಾನು ಅಂಗನವಾಡಿಗಳಲ್ಲಿ ಕಂಡ ಈ ವಿಷಯದ ಕರಪತ್ರಗಳು ಮಲಯಾಳದಲ್ಲಿವೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಿಗಾಗಿ ಇವನ್ನು ಕನ್ನಡದಲ್ಲೂ ಮುದ್ರಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಹಂಚಬೇಕೆಂದೂ, ಪ್ರತಿ ಶಾಲೆಯ ಒಬ್ಬ ಅಧ್ಯಾಪಕರಿಗಾದರೂ ಸೆಳೆತದ ಬಗೆಗಳನ್ನು ಗುರುತಿಸುವ ತರಬೇತಿ ನೀಡಬೇಕೆಂದೂ ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ಅಧ್ಯಾಪಿಕೆ, ಬದಿಯಡ್ಕ